ಹಂಗಾಮಿ ಅಳಿಯ

ನೌಕರಿ ಹುಡುಕಲು ಹೊರಟವನ ಹಿಂದೆ ಫಜೀತಿಯೂ ಹೊರಡುತ್ತದೆ. ಅದನ್ನು ಕರೆಯಬೇಕಾಗಿಲ್ಲ, ಅದಕ್ಕೆ ಟಿಕೀಟು ತೆಗೆಸಬೇಕಾಗಿಲ್ಲ. ನಾನು ಹೈದರಾಬಾದಿನಲ್ಲಿ ಬಿ.ಎ. ಮುಗಿಸಿ ಬೀದರ ಸ್ಟೇಷನ್ನಿನಲ್ಲಿ ಇಳಿದ ದಿನ ಅದೂ ನನ್ನ ಟ್ರಂಕಿನ ಜೊತೆಗೇ ಇಳಿಯಿತು.

ಆಗ ನಿಜಾಮರ ರಾಜ್ಯ. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ಮರಾಠಿ, ಕಾಲೇಜಿನಲ್ಲಿ ಉರ್ದು. ಇತಿಹಾಸ, ಗಣಿತ, ತರ್ಕ ಎಲ್ಲವನ್ನೂ ನಾನು ಉರ್ದುವಿನಲ್ಲೇ ಓದಿ, ಉರ್ದುವಿನಲ್ಲೇ ಮರೆತಿದ್ದೆ. ಚೌಬಾರಾ ಬುರುಜಿನ ಹಿಂದಿನ ನಮ್ಮ ಓಣಿಗೆ ಬಿ.ಎ. ಅಂದರೆ ಹೊಸ ಪದಾರ್ಥ. ಹೆಣ್ಣುಮಕ್ಕಳೆಲ್ಲ ಬಾಗಿಲಿಗೆ ಬಂದು ನೋಡಿದರು. "ಮೊದಲ ಹ್ಯಾಂಗಿದ್ದ ಹಂಗೇ ಅದಾನಲ್ಲ!" ಎಂದು ಒಳಗೆ ಹೋದರು.

ಭಾಲ್ಕಿಯ ಬಟ್ಟೆ ವ್ಯಾಪಾರಿಯೊಬ್ಬರ ಎರಡನೆಯ ಮಗಳನ್ನು ನಮ್ಮ ಮನೆಯವರು ನನಗೆ ಕೇಳಿದ್ದರು. ನಾನೂ ಹೋಗಿ ನೋಡಿ ಬಂದಿದ್ದೆ. ಶರಬತ್ತು ಕೊಡುವಾಗ ಹುಡುಗಿ ನನ್ನ ಉದ್ದನೆಯ ಕುತ್ತಿಗೆಯನ್ನು ನೋಡಿ ನಕ್ಕಳು. ಸುಳ್ಳು ಯಾಕೆ ಹೇಳಲಿ, ಆ ನಗುವಿಗೆ ನಾನು ಅಲ್ಲೇ ಸೋತೆ. ಆದರೆ ಅವಳ ಅಪ್ಪ ಸೋಲುವ ಗಿರಾಕಿಯಲ್ಲ.

"ಹುಡುಗ ಛಲೋ ಅದಾನ್ರಿ. ಓದ್ಯಾನ, ಖರೇ. ಆದರ ನೌಕರಿ? ಸರಕಾರಿ ಆಗಬೇಕು, ಕಾಯಂ ಆಗಬೇಕು. ನಮ್ಮ ದೊಡ್ಡ ಅಳಿಯ ನೋಡ್ರಿ, ಸೊಲ್ಲಾಪುರದಾಗ ರೈಲ್ವೇಕ ಕಾಯಂ ಅದಾನ."

ಆ ದೊಡ್ಡ ಅಳಿಯನಿಗಾಗಿ ಅವರ ಮನೆಯಲ್ಲಿ ಒಂದು ತೇಗದ ಮಣೆ ಇತ್ತು. ಮೂಲೆಗೆಲ್ಲ ಹಿತ್ತಾಳೆ ಹೂ ಬಡಿದಿದ್ದರು. ಅವನು ಬಂದಾಗ ಮಾತ್ರ ಅದು ಅಟ್ಟದಿಂದ ಇಳಿಯುತ್ತಿತ್ತು. ಅವನು ಕೈ ತೊಳೆದ ಕೂಡಲೇ ಮತ್ತೆ ಅಟ್ಟ ಸೇರುತ್ತಿತ್ತು. ನಾನು ಆ ಹುಡುಗಿಯನ್ನೂ ಆ ಮಣೆಯನ್ನೂ ಮನಸ್ಸಿನಲ್ಲಿಟ್ಟುಕೊಂಡು ಬೀದರಿಗೆ ಬಂದೆ.

ಓಣಿಯ ಶೇರವಾನಿ

ಆ ಕಾಲದಲ್ಲಿ ಹಾಕಿಮ ಸಾಹೇಬರ ಎದುರು ಶೇರವಾನಿ, ಗೊಂಡೆಯ ರೂಮಿ ಟೋಪಿ ಇಲ್ಲದೆ ನಿಲ್ಲುವಂತಿರಲಿಲ್ಲ. ಬುದ್ಧಿ ಇಲ್ಲದಿದ್ದರೆ ನಡೆಯುತ್ತಿತ್ತು, ಶೇರವಾನಿ ಇಲ್ಲದಿದ್ದರೆ ನಡೆಯುತ್ತಿರಲಿಲ್ಲ. ನಮ್ಮ ಓಣಿಗೆಲ್ಲ ಇದ್ದದ್ದು ಒಂದೇ ಶೇರವಾನಿ, ವಕೀಲ ಮಾವನದು. ಮಾವ ಅಂದರೆ ನನ್ನ ಸ್ವಂತ ಮಾವನಲ್ಲ, ಓಣಿಗೆಲ್ಲ ಮಾವ. ನೌಕರಿ ಕೇಳಲು ಹೋಗುವ ಹುಡುಗರು ಅದನ್ನೇ ಹಾಕಿಕೊಂಡು ಹೋಗುವುದು ವಾಡಿಕೆ. ಮಾವನದು ದೊಡ್ಡ ಹೊಟ್ಟೆ. ಒಳಗೆ ಒಂದು ದಿಂಬು ಕಟ್ಟಿಕೊಂಡರೆ ಯಾರಿಗಾದರೂ ಸರಿ ಹೊಂದುತ್ತಿತ್ತು.

ತಾಲೂಕದಾರ ಸಾಹೇಬರು, ಅಂದರೆ ಈಗಿನವರು ಕಲೆಕ್ಟರ್ ಅನ್ನುವ ಹುದ್ದೆಯವರು, ಔರಾದಿನ ಕಚೇರಿಗೆ ಒಬ್ಬ ಗುಮಾಸ್ತನನ್ನು ಹುಡುಕುತ್ತಿದ್ದರು. ನಮ್ಮ ಓಣಿಯಿಂದ ಮೂವರಿಗೆ ಒಂದೇ ದಿನ ಕರೆ ಬಂತು. ಮೂವರೂ ಕಚೇರಿಯ ಹಿಂದಿನ ಬೇವಿನ ಗಿಡದ ಮರೆಯಲ್ಲಿ ನಿಂತೆವು. ಮೊದಲನೆಯವನು ಒಳಗೆ ಹೋಗಿ ಬಂದು ಶೇರವಾನಿ ಬಿಚ್ಚಿದ, ಎರಡನೆಯವನು ಹಾಕಿಕೊಂಡ. ಅವನು ಬಂದು ಬಿಚ್ಚಿದ, ನಾನು ಹಾಕಿಕೊಂಡೆ. ಅಷ್ಟರಲ್ಲಿ ಅದು ಇಬ್ಬರ ಬೆವರು ಕುಡಿದಿತ್ತು. ದಿಂಬು ನನ್ನ ಹೊಟ್ಟೆಯಿಂದ ಬಗಲಿಗೆ ಸರಿದಿತ್ತು.

ನಾನು ಬಾಗಿ ಸಲಾಮು ಮಾಡಿದೆ. ಸಾಹೇಬರು ನನ್ನ ಮುಖ ನೋಡಲಿಲ್ಲ. ಎದೆಯ ಮೇಲಿದ್ದ ವಕೀಲ ಮಾವನ ಮಸಿಯ ಕಲೆಯನ್ನೇ ನೋಡುತ್ತಾ ಉರ್ದುವಿನಲ್ಲಿ ಕೇಳಿದರು.

"ಈ ಶೇರವಾನಿ ಬೆಳಗಿನಿಂದ ಮೂರನೆಯ ಸಲ ಬಂದಿದೆ, ಅಲ್ಲವೆ?"

ನಾನು ತಲೆ ತಗ್ಗಿಸಿದೆ. ಸಾಹೇಬರು ಪಕ್ಕದಲ್ಲಿ ಕಾಗದಪತ್ರ ಹಿಡಿದು ನಿಂತ ಪೇಶಕಾರರ ಕಡೆ ತಿರುಗಿ ಹೇಳಿದರು: "ನೌಕರಿಗಾಗಿ ಇಷ್ಟು ಶ್ರದ್ಧೆಯಿಂದ ಓಡಾಡಿದ ಉಮೇದುವಾರ ಇನ್ನೊಬ್ಬನಿಲ್ಲ. ಶೇರವಾನಿಯನ್ನೇ ನೇಮಿಸಿದ್ದೇನೆ. ಸದ್ಯ ಒಳಗೆ ಯಾರಿದ್ದಾನೋ ಅವನ ಹೆಸರು ಬರೆದುಕೊಳ್ಳಿ."

ಕುರ್ಚಿ ಇಲ್ಲೇ ಅದಾವ

ಹುಕುಂ ಹಿಡಿದು ಎತ್ತಿನ ಗಾಡಿಯಲ್ಲಿ ಔರಾದಿಗೆ ಹೊರಟೆ. ಜನವಾಡದವರೆಗೆ ಹೋಗುವುದರಲ್ಲಿ ದಾರಿ ಬಂದ್ ಆಯಿತು. ನಿಜಾಮರ ರಾಜ್ಯ ಹಿಡಿಯಲು ಹಿಂದೂಸ್ಥಾನದ ಫೌಜು ಬಂದಿದೆ ಅಂದರು. ಅದಕ್ಕೆ ಪೊಲೀಸ್ ಆಕ್ಷನ್ ಎಂದು ಹೆಸರು. ಆ ದಿನಗಳ ಹಿಂದೆ ಮುಂದೆ ನಮ್ಮ ಸೀಮೆಯ ಮನೆಮನೆಗಳಲ್ಲಿ, ಹಿಂದೂಗಳದರಲ್ಲೂ ಮುಸಲ್ಮಾನರದರಲ್ಲೂ, ಏನೇನಾಯಿತೋ ಅದು ನಗುವ ಮಾತಲ್ಲ. ಅದನ್ನು ಇಲ್ಲಿಗೆ ತರುವುದಿಲ್ಲ. ನಾನು ಹೇಳುತ್ತಿರುವುದು ಬರೀ ನನ್ನ ಕುರ್ಚಿಯ ಮಾತು.

ಜನವಾಡದಲ್ಲಿ ಪರಿಚಯದವರ ಮನೆಯಲ್ಲಿ ಕೆಲವು ದಿನ ಕೂತು, ದಾರಿ ತೆರೆದ ಮೇಲೆ ಔರಾದು ಮುಟ್ಟಿದೆ. ಕಚೇರಿಯಲ್ಲಿ ಹಳೆಯ ಚಪರಾಸಿಯೊಬ್ಬನೇ ಬಾಗಿಲಲ್ಲಿ ಕೂತು ಬೀಡಿ ಸೇದುತ್ತಿದ್ದ.

"ಸಾಹೇಬರು ಎಲ್ಲಿ ಅದಾರ?"

"ಹೋದರ್ರಿ."

"ಪೇಶಕಾರರು?"

"ಸಾಹೇಬರು ಎಲ್ಲಿ ಹೋದರು ಅಂತ ನೋಡ್ಲಿಕ್ಕ ಹೋದರ್ರಿ."

"ನಾನು ಹೊಸಾ ಗುಮಾಸ್ತ."

ಅವನು ಎದ್ದು ನಿಂತು ಸಲಾಮು ಮಾಡಿದ. "ಬರ್ರಿ, ಒಳಗ ಬರ್ರಿ. ಸರಕಾರ ಹೋಗ್ಯಾದ, ಕುರ್ಚಿ ಇಲ್ಲೇ ಅದಾವ. ನಿಮಗ ಯಾವದು ಬೇಕು ಕೂಡ್ರಿ."

ಇಂಥ ಭಾಗ್ಯ ಯಾವ ಬಿ.ಎ.ಗೂ ಬಂದಿರಲಿಕ್ಕಿಲ್ಲ. ನಾನು ಎಲ್ಲಕ್ಕಿಂತ ದೊಡ್ಡ ಕುರ್ಚಿಯಲ್ಲಿ ಕೂತೆ. ಜನ ಬಂದು, "ಸಾಹೇಬ್ರ, ಈಗ ಯಾರ ರಾಜ್ಯ ನಡದದ?" ಎಂದು ಕೇಳುತ್ತಿದ್ದರು. "ವಿಚಾರಣೆಯಲ್ಲಿದೆ" ಎಂದು ಗಂಭೀರವಾಗಿ ಹೇಳಿ ಕಳಿಸುತ್ತಿದ್ದೆ. ಜನ ತೃಪ್ತಿಯಿಂದಲೇ ಹೋಗುತ್ತಿದ್ದರು.

ಆಮೇಲೆ ಹೊರ ಪ್ರಾಂತದಿಂದ ಹೊಸ ಅಧಿಕಾರಿ ಬಂದರು. ನನ್ನನ್ನು ಆ ಕುರ್ಚಿಯಲ್ಲೇ ಹಿಡಿದರು.

"ನಿನ್ನನ್ನು ನೇಮಿಸಿದವರು ಯಾರು?"

"ಸರಕಾರ."

"ಯಾವ ಸರಕಾರ?"

"ಹಿಂದಿನದು, ಸರ್."

"ಹಾಗಾದರೆ ಹಾಜರಿಯನ್ನೂ ಅಲ್ಲಿಯೇ ಹಾಕು, ಹೋಗು."

ಬಂದ ದಾರಿಗೆ ಸುಂಕವಿಲ್ಲದಂತೆ ಬೀದರಿಗೆ ಮರಳಿದೆ. ಸುದ್ದಿ ನನಗಿಂತ ಮೊದಲೇ ಭಾಲ್ಕಿ ಸೇರಿತ್ತು. ಹುಡುಗಿಯ ಅಪ್ಪ ನಮ್ಮವರಿಗೆ ಹೇಳಿಕಳಿಸಿದರು: "ತಪ್ಪು ನಂದೇ ಅದರಿ. ನೌಕರಿ ಕಾಯಂ ಇರಬೇಕು ಅಂದಿದ್ದೆ. ಸರಕಾರನೂ ಕಾಯಂ ಇರಬೇಕು ಅಂತ ಹೇಳೂದು ಮರತಿದ್ದೆ."

ಅಕಬರನೂ ಪುಂಡಿ ಪಲ್ಯವೂ

ಹೊಸ ಕಾಲ ಬಂತು. ನಿನ್ನೆಯವರೆಗೆ ಶೇರವಾನಿ ಇಲ್ಲದೆ ಕಚೇರಿಯ ಮೆಟ್ಟಿಲು ಹತ್ತುವಂತಿರಲಿಲ್ಲ, ಇಂದು ಶೇರವಾನಿ ಹಾಕಿದರೆ ಹತ್ತುವಂತಿರಲಿಲ್ಲ. ಚಿದ್ರಿ ಕಡೆಯ ದರ್ಜಿಯೊಬ್ಬ ಊರಿನ ಶೇರವಾನಿಗಳನ್ನೆಲ್ಲ ಸೊಂಟದ ಕೆಳಗೆ ಕತ್ತರಿಸಿ ಕೋಟು ಮಾಡಿಕೊಡುತ್ತಿದ್ದ. ಓಣಿಯ ಶೇರವಾನಿಯೂ ಕೋಟಾಯಿತು. ಕೆಳಗಿನ ತುಂಡಿನಲ್ಲಿ ವಕೀಲ ಮಾವನ ಹೆಂಡತಿ ಕಾಯಿಪಲ್ಯದ ಚೀಲ ಹೊಲಿಸಿದಳು. ರೂಮಿ ಟೋಪಿಯಲ್ಲಿ ಬೆಳ್ಳುಳ್ಳಿ ಹಾಕಿ ತೂಗುಬಿಟ್ಟಳು.

ಆ ಕೋಟಿನ ಮೇಲೆ ಬಿಳಿ ಟೋಪಿ ಇಟ್ಟುಕೊಂಡು ಮಾಸ್ತರಿಕೆ ಕೇಳಲು ಭಾಲ್ಕಿಗೆ ಹೋದೆ. ಎದುರಿಗೆ ಮೂವರು ಸಾಹೇಬರು. ಒಬ್ಬರಿಗೆ ಇಂಗ್ಲಿಷ್ ಮಾತ್ರ ಬರುತ್ತಿತ್ತು, ಇನ್ನೊಬ್ಬರಿಗೆ ಮರಾಠಿ, ಮೂರನೆಯ ಹಿರಿಯರಿಗೆ ಉರ್ದು. ಹಿರಿಯರ ಕೋಟಿನ ಅಂಚು ನೋಡಿದೆ. ಅದೂ ಚಿದ್ರಿಯ ಕತ್ತರಿಯದೇ. ಅವರೂ ನನ್ನ ಅಂಚು ನೋಡಿದರು. ಇಬ್ಬರೂ ಮರ್ಯಾದೆಯಿಂದ ಸುಮ್ಮನಿದ್ದೆವು.

"ಠಾಣಾ ಕುಶನೂರಿನ ಸಾಲೆಗೆ ಕನ್ನಡದಲ್ಲಿ ಕಲಿಸುವವರು ಬೇಕು. ಅಕಬರನ ಆಡಳಿತದ ಮೇಲೆ ಕನ್ನಡದಲ್ಲಿ ಪಾಠ ಮಾಡಿ ತೋರಿಸು" ಎಂದು ಹಿರಿಯರು ಉರ್ದುವಿನಲ್ಲಿ ಅಂದರು.

ಅಕಬರ ನನಗೆ ಉರ್ದುವಿನಲ್ಲಿ ಮಾತ್ರ ಪರಿಚಯ. ಕನ್ನಡದಲ್ಲಿ ನಾನು ಇತಿಹಾಸದ ಒಂದು ಸಾಲನ್ನೂ ಓದಿರಲಿಲ್ಲ. ಎದ್ದು ನಿಂತೆ. ಕನ್ನಡವೆಂದರೆ ಕಣ್ಣೆದುರು ಬಂದದ್ದು ಅವ್ವನ ಅಡುಗೆಮನೆ. ಬಾಯಿ ತಾನಾಗಿ ತೆರೆಯಿತು.

"ಮೊದಲ ಪುಂಡಿ ಸೊಪ್ಪು ಬಿಡಿಸಿ ಸ್ವಚ್ಛ ತೊಳೀಬೇಕು. ತೊಗರಿಬ್ಯಾಳಿ, ಜೋಳದ ನುಚ್ಚು ಹಾಕಿ ಮೆತ್ತಗ ಕುದಿಸಬೇಕು. ಆಮ್ಯಾಲ ಹಸಿಮೆಣಸಿನಕಾಯಿ!" ಎಂದು ಮೇಜು ಗುದ್ದಿದೆ. "ಕಡಿಗೆ ಬಳ್ಳೊಳ್ಳಿ ಒಗ್ಗರಣಿ" ಅನ್ನುವಾಗ ಸಾಮ್ರಾಜ್ಯ ಮುಳುಗಿದವರ ಹಾಗೆ ದನಿ ತಗ್ಗಿಸಿದೆ.

ಮೂವರೂ ತಲೆಯಾಡಿಸಿದರು. ಇಂಗ್ಲಿಷ್ ಸಾಹೇಬರು ಮಾತ್ರ ಸ್ವಲ್ಪ ಅನುಮಾನಿಸಿ, "ಇವನು ಮಾತಾಡಿದ್ದು ಕನ್ನಡವೇ ಎಂದು ನಮಗೆ ಹೇಗೆ ಗೊತ್ತು?" ಅಂದರು.

ಮರಾಠಿಯವರು ಹರಕು ಇಂಗ್ಲಿಷಿನಲ್ಲಿ ಸಮಾಧಾನ ಹೇಳಿದರು. "ನಮ್ಮ ಮೂವರಿಗೂ ಒಂದಕ್ಷರ ತಿಳಿಯಲಿಲ್ಲವಲ್ಲ ಸರ್, ಅದಕ್ಕಿಂತ ಬೇರೆ ಪುರಾವೆ ಯಾಕೆ?"

ನಮ್ಮವರಾದರೆ ಶಿಫಾರಸು

ನೌಕರಿ ಸಿಕ್ಕಿತು, ಆದರೆ ಹಂಗಾಮಿ. ಇವತ್ತು ಇದ್ದೀಯ, ನಾಳಿನದು ನಾಳೆ ನೋಡೋಣ ಎಂಬ ಹುದ್ದೆ ಅದು. ಕಾಯಂ ಆಗುವುದು ಹೇಗೆಂದು ಕೇಳಲು ಬೀದರಿನ ದಫ್ತರಕ್ಕೆ ಹೋದರೆ ಅಲ್ಲಿಯ ಹೆಡ್ ಕ್ಲಾರ್ಕ್, "ಭಾಲ್ಕಿ ಕಡೆಯ ದೊಡ್ಡವರು ಯಾರಾದರೂ ಒಬ್ಬರ ಶಿಫಾರಸು ತಗೊಂಡು ಬರ್ರಿ" ಅಂದ.

ಭಾಲ್ಕಿಯಲ್ಲಿ ಆಗ ದೊಡ್ಡವರು ಯಾರು? ನಾನು ಕೇಳಿದ ಹುಡುಗಿಯ ಅಪ್ಪನೇ. ಹೊಸ ರಾಜ್ಯ ಬಂದ ವಾರವೇ ಅವರು ಅಂಗಡಿಯಲ್ಲಿ ಖಾದಿ ಮುಂದಿಟ್ಟು ಮಿಲ್ಲಿನ ಬಟ್ಟೆಯನ್ನು ಹಿಂದಕ್ಕೆ ಸರಿಸಿದ್ದರು. ತಲೆಯ ಮೇಲೆ ಬಿಳಿ ಟೋಪಿ ಬಂದಿತ್ತು. ಸಭೆಯೆಂದರೆ ಮುಂದಿನ ಕುರ್ಚಿ ಅವರದೇ. ಅವರ ಮನೆಗೆ ಹೋಗಿ ಶರಣು ಅಂದು ಕೂತೆ. ವಿಷಯ ಹೇಳಿದೆ.

"ಹೊರಗಿನವರಿಗೆ ಹ್ಯಾಂಗ ಶಿಫಾರಸು ಕೊಡ್ಲಿ? ಜನ ಏನಂತಾರ? ನಮ್ಮವರಾದರ ಕೊಡ್ತೇನಿ."

"ನಿಮ್ಮವ ಆಗಬೇಕಂತೇ ಇಷ್ಟು ದಿನ ತಿರುಗ್ಲತೀನ್ರಿ."

"ಕಾಯಂ ಆಗ್ರಿ, ನಮ್ಮವರಾಗ್ತೀರಿ."

"ಶಿಫಾರಸು ಕೊಡ್ರಿ, ಕಾಯಂ ಆಗ್ತೇನಿ."

"ನಮ್ಮವರಾದರ ಕೊಡ್ತೇನಿ ಅಂದೆನಲ್ಲ."

ಗಾಣದ ಎತ್ತಿನ ಹಾಗೆ ಇಬ್ಬರೂ ಸುತ್ತಿದೆವು. ಅಷ್ಟರಲ್ಲಿ ಒಳಬಾಗಿಲಿನ ಪರದೆಯ ಹಿಂದಿನಿಂದ ಹುಡುಗಿಯ ದನಿ ಬಂತು. "ಅಪ್ಪಾ, ಸರಕಾರ ಇವರನ್ನ ಹಂಗಾಮಿ ಇಟಗೊಂಡಾದ. ನೀನೂ ಹಂಗಾಮಿ ಅಳಿಯ ಅಂತ ಇಟಗೋ. ಯಾರು ಬ್ಯಾಡ ಅಂದಾರ?"

ಬಾಗಿಲಲ್ಲಿ ನಿಂತಿದ್ದ ಅವಳ ಅವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅಪ್ಪ ಬಿಳಿ ಟೋಪಿ ತೆಗೆದು ತಲೆ ಕೆರೆದುಕೊಂಡು, "ಆತು, ಮೊದಲ ಲಗ್ನ ಆಗ್ಲಿ, ಶಿಫಾರಸು ಕೊಡ್ತೇನಿ" ಅಂದರು. ಇಷ್ಟು ದಿನ ನನ್ನ ಪರ ವಾದಿಸಿದ ಒಬ್ಬರೇ ಒಬ್ಬರು ಆ ಪರದೆಯ ಹಿಂದೆ ಇದ್ದರು.

ಲಗ್ನವಾಯಿತು. ಮಾವ ಕೊಟ್ಟ ಮಾತಿನಂತೆ ಅರಿಶಿನ ಮಾಸುವ ಮೊದಲೇ ನನ್ನನ್ನು ಕರೆದುಕೊಂಡು ಬೀದರಿನ ದಫ್ತರಕ್ಕೆ ಬಂದರು. "ಈ ಹುಡುಗಂದು ನನ್ನ ಶಿಫಾರಸು ಅದರಿ" ಅಂದರು.

"ಇವರು ನಿಮಗ ಏನಾಗಬೇಕು?" ಎಂದು ಹೆಡ್ ಕ್ಲಾರ್ಕ್ ಕೇಳಿದ.

"ಅಳಿಯ!" ಎಂದರು ಮಾವ ಎದೆ ಉಬ್ಬಿಸಿ.

"ಹಂಗಂದರ ನಡ್ಯಾಂಗಿಲ್ರಿ. ಸಂಬಂಧಿಕರ ಶಿಫಾರಸು ತಗೊಳ್ಳೂದು ಬಂದ್ ಆಗ್ಯಾದ."

ಮಣೆ

ನಾನು ಹಂಗಾಮಿಯಾಗಿಯೇ ಉಳಿದೆ. ಠಾಣಾ ಕುಶನೂರಿನಲ್ಲಿ ಮಕ್ಕಳಿಗೆ ಕಲಿಸುತ್ತಾ ನಾನೇ ಕನ್ನಡದಲ್ಲಿ ಅಕಬರನನ್ನು ಕಲಿತೆ. ಪುಂಡಿ ಪಲ್ಯ ಮಾತ್ರ ಮನೆಯಲ್ಲಿ ನನ್ನ ಪಾಲಿನ ಕೆಲಸವಾಯಿತು. ಭಾಲ್ಕಿಯ ಸಂದರ್ಶನದ ಸುದ್ದಿ ಹೆಂಡತಿಗೆ ಹೇಳಿದ್ದೇ ತಪ್ಪಾಗಿತ್ತು. ಮನೆಯ ಹುಕುಂ ಎಲ್ಲ ಅವಳದೇ. ನಾನು ಹಾಜರಿ ಹಾಕುತ್ತಿದ್ದೆ.

ಹಬ್ಬಕ್ಕೆ ಭಾಲ್ಕಿಗೆ ಹೋದಾಗ ಮಾತ್ರ ಹೊಟ್ಟೆ ಉರಿಯುತ್ತಿತ್ತು. ದೊಡ್ಡ ಅಳಿಯನಿಗೆ ಹಿತ್ತಾಳೆ ಹೂವಿನ ಮಣೆ, ನನಗೆ ಚಾಪೆ. ಅವನು ಮಣೆಯ ಮೇಲಿನಿಂದ ಕೆಳಗೆ ನೋಡಿ, "ಏನ್ರಿ ಮಾಸ್ತರ, ಇನ್ನೂ ಹಂಗಾಮಿನೇ?" ಎಂದು ಕೇಳುತ್ತಿದ್ದ. ಆ ಮಾತಿಗೆ ಹೋಳಿಗೆಯೂ ಕಹಿಯಾಗುತ್ತಿತ್ತು. ಹೆಂಡತಿ ನನಗೆ ಒಂದು ಚಮಚೆ ತುಪ್ಪ ಹೆಚ್ಚು ಸುರಿದು ಕಣ್ಣಲ್ಲೇ ಸಮಾಧಾನ ಹೇಳುತ್ತಿದ್ದಳು.

ಕಡೆಗೂ ಬಂತು. ಹೈದರಾಬಾದ ರಾಜ್ಯದ ದೊಡ್ಡ ಮೊಹರು ಒತ್ತಿದ ಕಾಯಂ ಹುಕುಂ! ದೀಪಾವಳಿಗೆ ಅದನ್ನು ಕಿಸೆಯಲ್ಲಿಟ್ಟುಕೊಂಡು ಭಾಲ್ಕಿಗೆ ಹೋದೆ. ಮಾವ ಓದಿ, ಕನ್ನಡಕ ತೆಗೆದು, ಮತ್ತೆ ಹಾಕಿ ಓದಿ, "ಮಣಿ ತಗೀರಿ!" ಎಂದು ಕೂಗಿದರು. ಅಟ್ಟದಿಂದ ಮಣೆ ಇಳಿಯಿತು. ಅತ್ತೆ ಅದನ್ನು ಒರೆಸಿ, ಸುತ್ತ ರಂಗೋಲಿ ಎಳೆದಳು. ನಾನು ಧೋತರ ಸರಿಮಾಡಿಕೊಂಡು ಒಂದು ಕಾಲು ಎತ್ತಿದೆ.

ಅಷ್ಟರಲ್ಲಿ ಸ್ಟೇಷನ್ನಿನಿಂದ ದೊಡ್ಡ ಅಳಿಯ ಬಂದ. ಚಪ್ಪಲಿ ಬಿಡುತ್ತಲೇ ಸುದ್ದಿ ಬಿಟ್ಟ.

"ಕೇಳಿದಿರೇನ್ರಿ ಮಾವಾ? ಪಕ್ಕಾ ಆಯ್ತು. ಹೈದರಾಬಾದ ರಾಜ್ಯ ಒಡದು ಹಂಚ್ಲತಾರ. ಬೀದರ, ಭಾಲ್ಕಿ, ಔರಾದ ಎಲ್ಲಾ ಮೈಸೂರಿಗೆ ಹೊಂಟಾವ."

ಮಾವ ನನ್ನ ಹುಕುಮಿನ ಮೊಹರು ನೋಡಿದರು. ನನ್ನ ಎತ್ತಿದ ಕಾಲು ನೋಡಿದರು. ಮೆಲ್ಲಗೆ ಮಣೆಯನ್ನು ತಮ್ಮ ಕಡೆಗೆ ಎಳೆದುಕೊಂಡರು.

"ಅಳಿಯಂದಿರ, ಸಿಟ್ಟಿಗೇಳಬ್ಯಾಡ್ರಿ. ನಿಜಾಮ ಸರಕಾರ ನಿಮಗ ಹುಕುಂ ಕೊಡ್ತು, ಮುಗೀತು. ಈ ಸರಕಾರ ನಿಮಗ ಕಾಯಂ ಮಾಡ್ತು, ಇದೂ ಮುಗಿಲತದ. ಈಗ ನಾ ನಿಮಗ ಮಣಿ ಮ್ಯಾಲ ಕೂಡಸಿದರ ನನ್ನ ಅಂಗಡಿ ಗತಿ ಏನ್ರಿ?"

ನಾನು ಒಂಟಿ ಕಾಲಿನಲ್ಲೇ ಹೆಂಡತಿಯ ಕಡೆ ನೋಡಿದೆ, ಈಗಲೂ ನನ್ನ ಪರ ವಾದಿಸುತ್ತಾಳೆಂದು. ಅವಳು ಚಾಪೆ ಹಾಸಿ, ಎಲೆಯ ಮೇಲೆ ಹೋಳಿಗೆ ಇಟ್ಟು, ತುಪ್ಪದ ಗಿಂಡಿ ಕೈಗೆತ್ತಿಕೊಂಡಳು.

"ಅದಕ್ಕೇ ಅಪ್ಪಾ, ಲಗ್ನ ಆಗಿ ಇಷ್ಟು ವರ್ಷ ಆದರೂ ನಾ ಇವರನ್ನ ಹಂಗಾಮಿನೇ ಇಟ್ಟೀನಿ. ನನ್ನ ರಾಜ್ಯ ನಡೀಬೇಕಲ್ಲ!"