ನನ್ನ ಕೆಮ್ಮಿನ ಮೇಲೊಂದು ಸಂಶೋಧನೆ

ಬೇರೆಯವರ ಸಲಹೆ ಕೇಳುವ ಒಳ್ಳೆಯ ಅಭ್ಯಾಸ ನನಗಿದೆ. ಆದರೆ ನಾನು ಆಗಲೇ ತೀರ್ಮಾನಿಸಿದ್ದನ್ನೇ ಅವರು ಹೇಳಬೇಕು. ಬೇರೆ ಏನಾದರೂ ಹೇಳಿದರೆ ಇವರಿಗೆ ಅನುಭವ ಸಾಲದು ಎಂದುಕೊಂಡು ಇನ್ನೊಬ್ಬರ ಹತ್ತಿರ ಹೋಗುತ್ತೇನೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟು ವಿಜಾಪುರದ ಕಡೆಯಿಂದ ಮುಂಬಯಿಗೆ ಬಂದವನು ನಾನು. ಮುಲುಂಡಿನ ಎಷ್ಟು ಬಿಲ್ಡಿಂಗುಗಳ ಅಡುಗೆಮನೆಯಲ್ಲಿ ಕಲ್ಲು ಕೊಯ್ದು ಓಟಾ, ಅಂದರೆ ಅಡುಗೆಕಟ್ಟೆ, ಕೂರಿಸಿದ್ದೇನೋ ಲೆಕ್ಕವಿಲ್ಲ. ಒಂದರ ಮೇಲೂ ಚೆಲ್ಲಿದ ನೀರು ತಪ್ಪು ದಿಕ್ಕಿಗೆ ಹರಿಯುವುದಿಲ್ಲ. ಇಂಥವನಿಗೆ ಕೆಮ್ಮು ಬಂದರೆ ಅದರ ಕಾರಣ ಹೇಳುವ ಹಕ್ಕೂ ತನ್ನದೇ ಅನ್ನಿಸುತ್ತದೆ. ಮೊದಲು ಲೋಕಲ್ ಟ್ರೇನಿನ ಗಾಳಿ ಎಂದೆ, ಆಮೇಲೆ ಮನೆಯ ಒಗ್ಗರಣೆ ಎಂದೆ. ಮಳೆಗಾಲ ಹೋಯಿತು, ಚಳಿ ಬಂದು ಅದೂ ಹೋಯಿತು. ಕೆಮ್ಮು ಮಾತ್ರ ಹಟಮಾರಿ ಬಾಡಿಗೆದಾರನ ಹಾಗೆ ಜಾಗ ಖಾಲಿ ಮಾಡಲಿಲ್ಲ.

"ಎದಿ ಫೋಟೊ ತಗಸ್ರಿ. ಕಲ್ಲಿನ ಧೂಳು ಒಳಗ ಕುಂತೈತಿ" ಎಂದು ನನ್ನ ಹೆಂಡತಿ ಶಾಂತಾ ದಿನವೂ ಹೇಳುತ್ತಿದ್ದಳು. ಫೋಟೊದಲ್ಲಿ ಏನಾದರೂ ಕಂಡರೆ ಕೊಯ್ಯುವ ಮಷಿನ್ ಕೆಳಗಿಡಬೇಕು. ಮಷಿನ್ ಇಟ್ಟರೆ ಆಮೇಲೆ ನಾನು ಯಾರು? ಇದನ್ನು ಅವಳಿಗೆ ಹೇಳಲಾಗದೆ, "ಧೂಳಿನಿಂದ ಅಂತ ಯಾವ ಪುಸ್ತಕದಾಗ ಬರದೈತಿ?" ಎಂದು ಜೋರು ಮಾಡಿದೆ.

ಅದೇ ತಪ್ಪಾಯಿತು. ಮಗಳು ಸ್ನೇಹಾ ಎಂ.ಎ. ಓದುತ್ತಾಳೆ. ಅವಳ ಲ್ಯಾಪ್‌ಟಾಪಿನಲ್ಲಿ ಒಂದು ಎಐ ಇದೆ. ಪ್ರಶ್ನೆ ಹಾಕಿದರೆ ದೇಶವಿದೇಶದ ವಿದ್ವಾಂಸರು ಬರೆದ ಸಂಶೋಧನಾ ಲೇಖನಗಳನ್ನು ಹುಡುಕಿ ಸಾರಾಂಶ ತೆಗೆದು ಕೊಡುತ್ತದೆ. "ರುಕೋ ಅಪ್ಪಾ, ಒಂದ್ ಬುಕ್ ಯಾಕೆ, ಪೂರಾ ಲೈಬ್ರರಿಗೇ ಕೇಳ್ತೀನಿ" ಎಂದಳು. ನನ್ನ ಚಹಾ ಆರುವ ಮೊದಲೇ ಉತ್ತರ ಬಂತು: ಕಲ್ಲು ಕೊಯ್ಯುವ ಧೂಳು ಶ್ವಾಸಕೋಶಕ್ಕೆ ಕುತ್ತು, ತಪಾಸಣೆ ತಡಮಾಡಬಾರದು.

"ಅವರು ಯಾವ ಕಲ್ಲು ಕೊಯ್ದಾರ? ಮತ್ತ ಕೇಳು" ಎಂದೆ. ಕಡಪಾ ಕಲ್ಲಿಗೆ ಬೇರೆ ಕೇಳಿಸಿದೆ, ಮಾರ್ಬಲ್ಲಿಗೆ ಬೇರೆ. ಬಾಯಿಗೆ ಟವೆಲ್ ಕಟ್ಟಿದವನಿಗೆ, ಬೀಡಿ ಸೇದದವನಿಗೆ, ಗಂಟಲಿನ ಧೂಳು ಇಳಿಯಲೆಂದು ಸಂಜೆ ಬೆಲ್ಲ ತಿನ್ನುವವನಿಗೆ ಎಂದು ಕಲ್ಲಿನ ಅಂಚು ತಿಕ್ಕುವ ಹಾಗೆ ಪ್ರಶ್ನೆಯನ್ನು ತಿಕ್ಕುತ್ತ ಹೋದೆ. ಕೊನೆಗೆ, ಧೂಳಿನಿಂದ ಏನೂ ಆಗದ ಕೆಲಸಗಾರರ ಬಗ್ಗೆ ಬರೆದದ್ದು ತೋರಿಸು ಎಂದಾಗ ಅದು ಬಲು ಮರ್ಯಾದೆಯಿಂದ ತಂದುಕೊಟ್ಟಿತು: ಕೆಲವರಲ್ಲಿ ತೊಂದರೆ ಕಂಡುಬಂದಿಲ್ಲ, ಹೆಚ್ಚಿನ ಅಧ್ಯಯನ ಆಗಬೇಕು.

"ನೋಡು, ಅವರ ಅಧ್ಯಯನನ ಇನ್ನೂ ಮುಗಿದಿಲ್ಲ. ಮುಗೀಲಿ, ಆಮ್ಯಾಲ ಹೋದ್ರಾತು" ಎಂದೆ.

"ಅಪ್ಪಾ, ಯೇ ಸರ್ಚ್ ನಹೀ ಹೈ. ನಿಮಗೆ ಬೇಕಾದ ಆನ್ಸರ್ ನೀವೇ ಅದರ ಬಾಯಲ್ಲಿ ಹಾಕ್ತಾ ಇದ್ದೀರಿ, ಇದೂ ಪಾಗಲ್ ಥರಾ ಹೂಂ ಅಂತಿದೆ" ಎಂದಳು ಮಗಳು.

ಒಲೆಯ ಮುಂದಿನಿಂದ ಶಾಂತಾ, "ಪಾಪ, ಅದಕ್ಕ್ಯಾಕ ಬೈತೀ? ನಿಮ್ಮಪ್ಪನ ಕೂಡ ಹೆಂಗ ಮಾತಾಡಬೇಕು ಅನ್ನೂದು ಕಲಿಯಾಕ ನನಗ ಅರ್ಧ ಆಯುಷ್ಯ ಹಿಡೀತು. ಅದು ಒಂದ್ ಚಹಾ ಕುಡಿಯೂದ್ರಾಗ ಕಲ್ತೈತಿ" ಎಂದಳು.

ಮಗಳು ನಕ್ಕಳು. ನಾನೂ ನಗಲು ಹೋದೆ; ನಗು ಅರ್ಧಕ್ಕೆ ಕೆಮ್ಮಾಗಿ ತಿರುಗಿ ಗೋಡೆ ಹಿಡಿದುಕೊಳ್ಳಬೇಕಾಯಿತು. ಅದು ನಿಂತ ಮೇಲೆ ಇಬ್ಬರೂ ನನ್ನ ಮುಖ ನೋಡಲಿಲ್ಲ. ಮಗಳು ಲ್ಯಾಪ್‌ಟಾಪ್ ಮುಚ್ಚಿದಳು. ಶಾಂತಾ ಮೊಳೆಗೆ ತೂಗುಹಾಕಿದ್ದ ನನ್ನ ಅಂಗಿ ತಂದು ಕೈಗೆ ಕೊಟ್ಟಳು. ವಾದ ಮಾಡಲು ಎದುರಿಗೆ ಯಾರೂ ಉಳಿಯದಿದ್ದರೆ ನನ್ನಂಥವನಿಗೆ ಅಂಗಿ ಹಾಕಿಕೊಳ್ಳುವುದೊಂದೇ ದಾರಿ.

ಸ್ಟೇಷನ್ ಹತ್ತಿರದ ಎಕ್ಸ್‌ರೇ ಕೋಣೆಯಲ್ಲಿ ತಣ್ಣನೆಯ ಫಲಕಕ್ಕೆ ಎದೆಯೊತ್ತಿ ನಿಲ್ಲಿಸಿದರು. "ಚಾಚಾ, ಲಂಬೀ ಸಾಂಸ್ ಲೇಕೇ ರೋಕೋ" ಎಂದ ಟೆಕ್ನಿಷಿಯನ್. ಉಸಿರೆಳೆದು ಹಿಡಿದುಕೊಳ್ಳಬೇಕು, ಅಷ್ಟೇ. ಹಿಡಿದೆ. ಅವನು ಗುಂಡಿ ಒತ್ತುವಷ್ಟರಲ್ಲಿ ಕೆಮ್ಮಿದೆ. ಮತ್ತೆ ಹಿಡಿದೆ, ಮತ್ತೆ ಕೆಮ್ಮಿದೆ. "ಕೋಯೀ ಬಾತ್ ನಹೀ, ಏಕ್ ಬಾರ್ ಔರ್" ಎಂದು ಇನ್ನೊಮ್ಮೆ ಉಸಿರೆಳೆಯಲು ಹೇಳಿದ, ಸಿಟ್ಟಿಲ್ಲದೆ. ಇಡೀ ಜಗತ್ತಿನ ವಿದ್ವಾಂಸರು ಸೇರಿದರೂ ನನ್ನನ್ನು ಒಪ್ಪಿಸಲಾಗಲಿಲ್ಲ ಎಂದು ಬೀಗಿದವನು, ಬಾಗಿಲಾಚೆ ಕೂತ ಶಾಂತಾಗೆ ಕೆಮ್ಮು ಕೇಳಿಸದಿರಲೆಂದು ಅಂಗೈಯಿಂದ ಬಾಯಿ ಮುಚ್ಚಿಕೊಂಡು, ಮೂರನೆಯ ಉಸಿರಿಗಾಗಿ ಕಾಯುತ್ತ ನಿಂತಿದ್ದೆ.