ಒತ್ತು ಅಂದದ್ದು ಯಾರಿಗೆ?

"ಕಾರಿನ ಬ್ರೇಕ್ ಪ್ಯಾಡು ನಾನೇ ಬದಲಿಸ್ತೀನಿ" ಎಂದು ಶುಕ್ರವಾರ ಸಂಜೆ ಘೋಷಿಸಿದಾಗ ನನ್ನ ದನಿ ನನಗೇ ರಾಜಗಾಂಭೀರ್ಯದಿಂದ ಕೇಳಿಸಿತು. ವಿಮಾ ಕಚೇರಿಯಲ್ಲಿ ಜಖಂ ಆದ ಕಾರುಗಳ ಅರ್ಜಿ ನೋಡುವ ಗುಮಾಸ್ತ ನಾನು. ನಾಲ್ಕು ವರ್ಷದಲ್ಲಿ ಸಾವಿರಾರು ಕಾರುಗಳ ಕರುಳು ನೋಡಿದ್ದೇನೆ. ಎಲ್ಲವೂ ಫೋಟೋದಲ್ಲಿ, ಅದು ಬೇರೆ ಮಾತು.

ಹೆಂಡತಿ ಸೌಟು ಕೆಳಗಿಟ್ಟಳು.

"ರೀ, ನಾಳೆ ಮೂರು ಗಂಟೆಗೆ ನನ್ನ ಡ್ರೈವಿಂಗ್ ಟೆಸ್ಟು. ಇದೇ ಕಾರಲ್ಲಿ."

"ಒಂದೂವರೆ ಗಂಟೆ ಕೆಲಸ. ಏಳು ವಿಡಿಯೋ ನೋಡಿದ್ದೀನಿ."

"ಈಜೋ ವಿಡಿಯೋನೂ ನೋಡಿದ್ರಿ. ಆಮೇಲೆ ನಿಮ್ಮನ್ನ ನೀರಿಂದ ಎತ್ತೋಕೆ ಎಷ್ಟು ಜನ ಬೇಕಾಯ್ತು?"

ಅವಳ ಆತಂಕಕ್ಕೆ ಕಾರಣವಿತ್ತು. ಈಗಾಗಲೇ ಎರಡು ಸಲ ಫೇಲಾಗಿದ್ದಳು. ಎರಡು ಸಲವೂ ಬ್ರೇಕನ್ನು ಚೇಳು ತುಳಿದ ಹಾಗೆ ತುಳಿದು, ಪರೀಕ್ಷೆ ಮಾಡುವ ಅಧಿಕಾರಿಯ ಕನ್ನಡಕ ಕೆಳಗೆ ಬೀಳಿಸಿದ್ದಳು. ಸೋಮವಾರದಿಂದ ಮನೆಮನೆಗೆ ಹೋಗಿ ರಕ್ತದ ಸ್ಯಾಂಪಲ್ ತೆಗೆಯುವ ಹೊಸ ಕೆಲಸ. ಲೈಸೆನ್ಸ್ ಇಲ್ಲದಿದ್ದರೆ ಆ ಕೆಲಸವೂ ಇಲ್ಲ.

ನಮ್ಮ ಬೀದಿಯ ಮೆಕ್ಯಾನಿಕ್ ಗ್ರೀಸಣ್ಣ ಶನಿವಾರ ತಾನೇ ಬಂದು ಹಾಕಿಕೊಡುತ್ತೇನೆ ಎಂದಿದ್ದ. ಬೇಡ ಎಂದು ನಾನು ಕೈ ಆಡಿಸಿದಾಗ ಅವನು ವಾದ ಮಾಡಲಿಲ್ಲ. "ನನ್ನ ನಂಬರ್ ಇದೆಯಲ್ಲ ಸಾರ್" ಎಂದು ಮಾತ್ರ ಹೇಳಿ ನಕ್ಕ. ಆ ನಗುವಿಗೆ ಉತ್ತರ ಕೊಡಲೆಂದೇ ನಾನು ಕಂಕಣ ಕಟ್ಟಿಕೊಂಡದ್ದು.

ಶನಿವಾರ ಬೆಳಗ್ಗೆ ಒಂಬತ್ತಕ್ಕೆ ಜಾಕ್ ಇಟ್ಟು ಕಾರಿನ ಮೂತಿ ಎತ್ತಿದೆ. ಸ್ಪ್ಯಾನರ್ ಹಾಕಿ ನಟ್ಟು ತಿರುಗಿಸಿದೆ. ನಟ್ಟಿನ ಜೊತೆ ಚಕ್ರವೂ ಮಜವಾಗಿ ತಿರುಗಿತು. ಚಕ್ರ ನೆಲದ ಮೇಲಿರುವಾಗಲೇ ನಟ್ಟು ಸಡಿಲಿಸಬೇಕಂತೆ. ಕಾರು ಇಳಿಸಿದೆ. ನಾಲ್ಕು ನಟ್ಟು ಸಡಿಲಿಸಿ ಮತ್ತೆ ಎತ್ತಿದೆ. ಐದನೆಯದು ಮರೆತಿತ್ತು. ಮತ್ತೆ ಇಳಿಸಿದೆ.

ಪಕ್ಕದ ಮನೆಯ ನಿವೃತ್ತ ಕನ್ನಡ ಮೇಷ್ಟರು ಕಾಂಪೌಂಡಿನ ಮೇಲಿಂದ ಕತ್ತು ಚಾಚಿದರು. "ಏನಪ್ಪಾ, ಕಾರಿಗೆ ಬಸ್ಕಿ ಹೊಡೆಸ್ತಿದ್ದೀಯಾ?"

ಅಂತೂ ಹನ್ನೊಂದಕ್ಕೆ ಚಕ್ರ ಕಳಚಿತು. ಪ್ಯಾಡುಗಳನ್ನು ಅದುಮಿ ಹಿಡಿಯುವ ಕ್ಯಾಲಿಪರ್ ಎಂಬ ಕಬ್ಬಿಣದ ಮುಷ್ಟಿಯೂ ಬಿಚ್ಚಿಕೊಂಡಿತು. ಅದನ್ನು ಜೋತಾಡಲು ಬಿಡಬಾರದು, ದಾರದಲ್ಲಿ ಕಟ್ಟಿ ಎಂದು ಮೂರನೆಯ ವಿಡಿಯೋ ಹೇಳಿತ್ತು. ಕೈಗೆ ಸಿಕ್ಕಿದ ಏಕೈಕ ದಾರ ನಾನು ಹಾಕಿಕೊಂಡಿದ್ದ ಪೈಜಾಮದ ಲಾಡಿ. ತ್ಯಾಗ ಮಾಡಿದೆ. ಪೈಜಾಮಕ್ಕೆ ಬಟ್ಟೆ ಒಣಹಾಕುವ ಎರಡು ಕ್ಲಿಪ್ಪು ಸಿಕ್ಕಿಸಿಕೊಂಡೆ.

ಅಷ್ಟರಲ್ಲಿ ಹೆಂಡತಿ ಬಂದು ಡ್ರೈವರ್ ಸೀಟಿನಲ್ಲಿ ಕೂತಳು. "ಸುಮ್ನೆ ಕೂತು ಗೇರು, ಕ್ಲಚ್ಚು ಅಭ್ಯಾಸ ಮಾಡ್ಕೋತೀನಿ."

"ಮಾಡ್ಕೋ. ಬ್ರೇಕ್ ಮಾತ್ರ ಮುಟ್ಟಬೇಡ. ಎಲ್ಲ ಮುಗಿದ ಮೇಲೆ 'ಒತ್ತು' ಅಂತೀನಿ, ಆಗ ಒತ್ತು."

"ಸರಿ. ನೀವು ಹೇಳದೆ ಒತ್ತಲ್ಲ."

ಮದುವೆಯಾಗಿ ಮೂರು ವರ್ಷದಲ್ಲಿ ಅವಳು ನನ್ನ ಮಾತು ಅಕ್ಷರಶಃ ಪಾಲಿಸಿದ್ದು ಆವತ್ತೊಂದೇ ದಿನ.

ಹಳೆಯ ಪ್ಯಾಡು ಸವೆದು ಬಿಸ್ಕತ್ತಿನಂತಾಗಿತ್ತು, ಹೊಸದು ದಪ್ಪ. ಅದು ಕೂರಬೇಕಾದರೆ ಕ್ಯಾಲಿಪರಿನೊಳಗಿನ, ಬ್ರೇಕ್ ಒತ್ತಿದರೆ ಹೊರಬರುವ ಪಿಸ್ಟನ್ ಎಂಬ ಗುಂಡನೆಯ ಬಿರಡೆಯನ್ನು ಹಿಂದಕ್ಕೆ ತಳ್ಳಬೇಕು. ಅದಕ್ಕೆ ಬೇರೆಯೇ ಉಪಕರಣ ಬರುತ್ತದೆ. ನನ್ನ ಬಳಿ ಬಂದದ್ದು ಅಡುಗೆಮನೆಯ ಲಟ್ಟಣಿಗೆ. ಅದರ ತುದಿ ಇಟ್ಟು, ಕಾಲು ಅಗಲಿಸಿ, ಹಲ್ಲು ಕಚ್ಚಿ, ನನ್ನ ತೋಳುಗಳಿಗೆ ನಾನೇ ಹುರುಪು ತುಂಬುತ್ತ, "ಒತ್ತು" ಎಂದೆ.

ಪಿಸ್ಟನ್ ಒಳಗೆ ಹೋಗುವ ಬದಲು ಹೊರಗೆ ಬಂತು.

ಎಲಾ ಇದರ! ಬಿಡುತ್ತೇನೆಯೇ? "ಒತ್ತು! ಇನ್ನೂ ಒತ್ತು! ಜೋರಾಗಿ ಒತ್ತು!"

ನನ್ನ ಎರಡು ಕೈ ಒಂದು ಕಡೆ, ಅವಳ ಒಂದು ಕಾಲು ಇನ್ನೊಂದು ಕಡೆ. ಗೆದ್ದವರು ಯಾರೆಂದು ಮದುವೆಯಾದವರಿಗೆ ಬಿಡಿಸಿ ಹೇಳಬೇಕಿಲ್ಲ. 'ಟಪ್' ಎಂದು ಪಿಸ್ಟನ್ ಹಾರಿತು. ಹಿಂದೆಯೇ ಬ್ರೇಕ್ ಎಣ್ಣೆ ಚಿಮ್ಮಿ ಎದೆಯಿಂದ ಹೊಟ್ಟೆಯವರೆಗೆ ಅಭಿಷೇಕವಾಯಿತು. ಬೆಚ್ಚಿ ಎದ್ದು ನಿಂತೆ. ಕ್ಲಿಪ್ಪುಗಳು ರಾಜೀನಾಮೆ ಕೊಟ್ಟವು. ಮೇಷ್ಟರು ಸಭ್ಯತೆಯಿಂದ ಆಕಾಶ ನೋಡಿದರು.

"ಒತ್ತಿದ್ದು ಸಾಕಾ?" ಒಳಗಿಂದ ಪ್ರಶ್ನೆ ಬಂತು.

"ನಿನಗ್ಯಾರು ಒತ್ತು ಅಂದಿದ್ದು?"

"ನೀವೇ. ನಾಲ್ಕು ಸಲ."

"ಅದು ನನಗೆ ನಾನು ಹೇಳ್ಕೊಂಡಿದ್ದು!"

"ನಿಮಗೆ ನೀವು ಹೇಳ್ಕೊಳ್ಳೋದನ್ನ ಮನಸ್ಸಲ್ಲೇ ಹೇಳ್ಕೊಳ್ರೀ. ಬೀದಿಗೆಲ್ಲ ಕೇಳೋ ಹಾಗೆ ಕೂಗಿದ್ರೆ ನಾನೇನು ಮಾಡ್ಲಿ?"

ಮೇಷ್ಟರು ಆಕಾಶ ನೋಡುತ್ತಲೇ ಹೇಳಿದರು: "ಮೂವತ್ತು ವರ್ಷ ಪಾಠದಲ್ಲಿ ಇದನ್ನೇ ಹೇಳಿದೆ. ಒತ್ತು ಎಲ್ಲಿ ಕೊಡಬೇಕು ಅಂತ ಗೊತ್ತಿಲ್ಲದಿದ್ರೆ ಅರ್ಥವೆಲ್ಲ ಕೆಟ್ಟುಹೋಗುತ್ತೆ."

ಹೆಂಡತಿ ಕಾರಿನಿಂದ ಇಳಿದು ಚಕ್ರವಿಲ್ಲದ ಜಾಗ ನೋಡಿದಳು. ಕಣ್ಣು ತುಂಬಿಕೊಂಡಿತ್ತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. "ಮೂರು ಗಂಟೆಗೆ ಟೆಸ್ಟು ಕಣ್ರೀ" ಎಂದಳು, ಅಷ್ಟೇ. ಒಂದು ಕೈಯಲ್ಲಿ ಪೈಜಾಮ ಹಿಡಿದುಕೊಂಡು, ಇನ್ನೊಂದರಲ್ಲಿ ಗ್ರೀಸಣ್ಣನ ನಂಬರ್ ಒತ್ತಿದೆ.

ಸ್ಕೂಟರಿನಲ್ಲಿ ಬಂದ ಗ್ರೀಸಣ್ಣ ಲಟ್ಟಣಿಗೆ ಎತ್ತಿ ತಿರುಗಿಸಿ ನೋಡಿದ. "ಇದು ಯಾವ ಕಂಪನಿ ಟೂಲು ಸಾರ್?" ಪಿಸ್ಟನ್ ಒರೆಸಿ ಕೂರಿಸಿದ, ಎರಡೂ ಕಡೆ ಹೊಸ ಪ್ಯಾಡು ಹಾಕಿದ, ಹೊಸ ಎಣ್ಣೆ ತುಂಬಿಸಿದ. ಕೊಳವೆಯೊಳಗೆ ಗಾಳಿ ಸೇರಿದೆ, ತೆಗೆಯಬೇಕು, ಒಬ್ಬರು ಒಳಗೆ ಕೂತು ಬ್ರೇಕ್ ಒತ್ತಬೇಕು ಎಂದ. ನಾನು ಮುಂದೆ ಬಂದೆ. "ನೀವು ನೆರಳಲ್ಲಿ ಕೂತ್ಕೊಳ್ಳಿ ಸಾರ್. ಅಕ್ಕ ಬರ್ಲಿ."

"ಮೆತ್ತಗೆ ಒತ್ತಿ ಅಕ್ಕಾ... ಹಿಡ್ಕೊಳ್ಳಿ... ನಿಧಾನಕ್ಕೆ ಬಿಡಿ."

ಐವತ್ತು ಸಲ ಹೀಗೇ ನಡೆಯಿತು. ಚೇಳು ತುಳಿಯುತ್ತಿದ್ದ ಕಾಲು ಕೊನೆಕೊನೆಗೆ ಹೂವಿನ ಮೇಲೆ ಇಟ್ಟಂತೆ ಇಳಿಯತೊಡಗಿತು. ಗ್ರೀಸಣ್ಣ ಬೀದಿಯಲ್ಲಿ ಎರಡು ಸುತ್ತು ಓಡಿಸಿ ನೋಡಿ ಕೀಲಿ ಕೊಟ್ಟಾಗ ಎರಡೂಕಾಲು. ನನಗೆ ಪ್ಯಾಂಟು ಏರಿಸಲು ಪುರುಸೊತ್ತಾಯಿತು, ಅಂಗಿ ಬದಲಿಸಲು ಆಗಲಿಲ್ಲ; ಹಾಗೇ ಅವಳ ಜೊತೆ ಹೊರಟೆ.

ಟೆಸ್ಟಿನಲ್ಲಿ ಕಾರು ಎಲ್ಲಿ ನಿಲ್ಲಿಸು ಎಂದರೋ ಅಲ್ಲಿ ಬೆಣ್ಣೆಯಂತೆ ನಿಂತಿತು. ಅಧಿಕಾರಿಯ ಕನ್ನಡಕ ಮೂಗು ಬಿಟ್ಟು ಕದಲಲಿಲ್ಲ. ಕಾರಿನಿಂದ ಇಳಿದು ಫಾರಂ ಹಿಡಿದುಕೊಂಡೇ ಕೊನೆಯ ಪ್ರಶ್ನೆ ಕೇಳಿದರು:

"ಬ್ರೇಕ್ ಸರಿಯಿಲ್ಲ ಅಂತ ಅನುಮಾನ ಬಂದ್ರೆ ಮೊದಲು ಏನು ಮಾಡ್ತೀರಮ್ಮ?"

"ಗಂಡನ್ನ ಕಾರಿಂದ ದೂರ ಕಳಿಸ್ತೀನಿ ಸಾರ್."

ಅಧಿಕಾರಿ ಎಣ್ಣೆಯಲ್ಲಿ ಅದ್ದಿ ತೆಗೆದಂತಿದ್ದ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಸರಿ ಉತ್ತರ" ಎಂದು ಸಹಿ ಹಾಕಿದರು.