ಟವೆಲ್ ಕೆಳಗಿನ ಪ್ರೇಮ ಪ್ರಸಂಗ

ಪ್ರೇಮ ಕಾದಂಬರಿ ಬರೆಯುವುದು ಬಹಳ ಸುಲಭ ಎಂದು ನಾನು ತಿಳಿದಿದ್ದೆ. ಒಬ್ಬ ನಾಯಕ, ಒಬ್ಬ ನಾಯಕಿ, ನಡುವೆ ಒಬ್ಬ ಸಿಟ್ಟಿನ ಅಪ್ಪ. ಹೈಸ್ಕೂಲಿನಲ್ಲಿ ಇಡೀ ತರಗತಿಯನ್ನು ಸಂಭಾಳಿಸುವ ಕನ್ನಡ ಮಾಸ್ತರನಿಗೆ ಈ ಮೂವರು ಯಾವ ಲೆಕ್ಕ? ಕಾಶ್ಮೀರದಲ್ಲಿ ನಡೆಯುವ ಕಾದಂಬರಿಯೊಂದನ್ನು ಬರೆದು, ವಿಜಯಪುರದ ಪ್ರಕಾಶಕರಿಗೆ ಕಳಿಸಿ, ಕೀರ್ತಿಗಾಗಿ ಕಾಯುತ್ತ ಕುಳಿತೆ.

ಬಂದದ್ದು ಫೋನು.

“ಸರ, ಹಿಮದಾಗ ಕುಂತು ನಿಮ್ಮ ನಾಯಕ ಕಟಕ ಜ್ವಾಳದ ರೊಟ್ಟಿ, ಶೇಂಗಾ ಚಟ್ನಿ ತಿನ್ನಾಕತ್ತಾನಲ್ರಿ! ಕಾಶ್ಮೀರ ಬಿಡ್ರಿ. ನಿಮ್ಮ ಊರು ಇಂಡಿಯೊಳಗ ನಡದಂಗ ಬರೀರಿ. ಇಬ್ಬರೂ ಒಮ್ಮೆಯಾರ ಕೈ ಹಿಡಕೊಳ್ಳಲಿ, ಸಾಕು. ಈ ವಾರದಾಗ ಆ ಅಧ್ಯಾಯ ಬರಲಿಲ್ಲ ಅಂದ್ರ ನಿಮ್ಮ ಜಾಗಾದಾಗ ಉಪ್ಪಿನಕಾಯಿ ಪುಸ್ತಕ ಛಾಪಿಸ್ತೇನಿ.”

ಉಪ್ಪಿನಕಾಯಿಗೆ ಸೋಲುವುದೇ? ನಿಂಬೆ ಬೆಳೆಯುವ ಊರಿನ ಲೇಖಕನಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ಅಂದೇ ಲೇಖನಿ ಹಿಡಿದೆ.

ಮೊದಲು ಪ್ರೇಮಿಗಳನ್ನು ಬಸ್ ನಿಲ್ದಾಣದಲ್ಲಿ ಕೂರಿಸಿದೆ. ನಾಯಕ ಇನ್ನೇನು ಕೈ ಚಾಚಬೇಕು, ಪಕ್ಕದ ಮುದುಕಿ, “ನೀ ಯಾರ ಪೈಕಿ ಯವ್ವಾ? ಅಗರಖೇಡದವರೇನು?” ಎಂದಳು. ಆಕೆಯನ್ನು ನಾನು ಕರೆದೇ ಇರಲಿಲ್ಲ! ಆದರೆ ಅಂಥ ಮುದುಕಿ ಇಲ್ಲದ ಬೆಂಚು ಇಂಡಿಯಲ್ಲಿ ಎಲ್ಲಿದೆ? ನಿಂಬೆ ಮಾರುಕಟ್ಟೆಗೆ ಒಯ್ದರೆ ಅಲ್ಲಿ ನಾಯಕಿಯ ಸೋದರಮಾವ ಚೀಲ ಇಳಿಸುತ್ತಿದ್ದ. ಊರ ಹೊರಗಿನ ದ್ರಾಕ್ಷಿ ತೋಟಕ್ಕೆ ಕಳಿಸಿದರೆ ಸುದ್ದಿ ಅವರಿಗಿಂತ ಮುಂಚೆ ಟೆಂಪೋ ಹತ್ತಿ ಅಲ್ಲಿಗೆ ಮುಟ್ಟಿತ್ತು. ಮೂರನೇ ಅಧ್ಯಾಯಕ್ಕೇ ಎರಡೂ ಮನೆಯ ಹಿರಿಯರು ಕೂತು ಮದುವೆ ಗೊತ್ತುಮಾಡಿಬಿಟ್ಟರು. ವಿರಹಕ್ಕೆ ಜಾಗವೇ ಉಳಿಯಲಿಲ್ಲ!

ಹೆಂಡತಿ ಸುಮಿತ್ರಾ ರೊಟ್ಟಿ ಬಡಿಯುತ್ತ ನನ್ನ ಗೋಳು ಕೇಳಿದಳು. “ಇಂಡಿಯಾಗ ಮಂದಿ ಮುಂದ ಕೈ ಹಿಡಿಯಾವ್ರು ಅಂದ್ರ ದನದ ಸಂತಿ ದಲ್ಲಾಳಿಗಳಷ್ಟ ನೋಡ್ರಿ,” ಎಂದಳು.

ನಾನು ಎದ್ದು ನಿಂತೆ. ಎಂಥ ಮಾತು! ದನದ ಸಂತೆಯಲ್ಲಿ ದರವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಟವೆಲ್ ಕೆಳಗೆ ಕೈ ಹಿಡಿದು, ಬೆರಳು ಅದುಮಿ ತಿಳಿಸುತ್ತಾರೆ. ನನ್ನ ನಾಯಕಿ ದನದ ವ್ಯಾಪಾರಿಯ ಮಗಳಾದರೆ ಹಾಡುಹಗಲೇ ಕೈ ಹಿಡಿಯಬಹುದು, ಒಬ್ಬ ಮುದುಕಿಯೂ ಕೇಳುವುದಿಲ್ಲ!

ಆದರೆ ಅನುಭವವಿಲ್ಲದೆ ಬರೆದರೆ ಮತ್ತೆ ಕಾಶ್ಮೀರದ ಗತಿಯೇ. ಸಂತೆಗೆ ಹೋಗಿ ಮಲ್ಲಪ್ಪ ಎಂಬ ದಲ್ಲಾಳಿಯನ್ನು ಹಿಡಿದೆ.

“ಕಾಕಾ, ನನ್ನ ಕೈ ಒಮ್ಮೆ ಹಿಡೀರಿ.”

“ಯಾವ ಎಮ್ಮಿಗ್ರಿ ಸರ?”

ಏನೋ ಒಂದು ಹೇಳಬೇಕಲ್ಲ ಎಂದು ಎದುರಿಗಿದ್ದುದನ್ನು ತೋರಿಸಿದೆ. ಮಲ್ಲಪ್ಪ ಟವೆಲ್ ಹಾಕಿ ನನ್ನ ಬೆರಳು ಅದುಮಿದ. ನಾನು ಕಣ್ಣು ಮುಚ್ಚಿ ನಾಯಕನಾದೆ. ನಾಯಕಿ ಬೆರಳು ಅದುಮಿದರೆ ನಾಯಕ ಸುಮ್ಮನಿರುತ್ತಾನೆಯೇ? ನಾನೂ ಅದುಮಿದೆ. ಆತ ಮತ್ತೆ ಅದುಮಿದ. ನನ್ನಲ್ಲಿ ಪ್ರೇಮ ಉಕ್ಕಿ ಬಂತು. ಇಡೀ ಹಸ್ತವನ್ನೇ ಗಟ್ಟಿಯಾಗಿ ಹಿಡಿದುಬಿಟ್ಟೆ!

“ಮುಗೀತು ವ್ಯಾಪಾರ!” ಎಂದು ಮಲ್ಲಪ್ಪ ಟವೆಲ್ ಕೊಡವಿದ. ಕಣ್ಣು ತೆರೆದಾಗ ನನ್ನ ಕೈಯಲ್ಲಿ ಎಮ್ಮೆಯ ಹಗ್ಗವಿತ್ತು.

“ಕಾಕಾ, ನಾ ಕಾದಂಬರಿ ಸಲುವಾಗಿ ಹಿಡದಿದ್ದೆ!”

“ಯಾವುದರ ಸಲುವಾಗ್ಯಾರ ಹಿಡೀರಿ, ಇಡೀ ಹಸ್ತ ಹಿಡದ್ರ ದರ ಒಪ್ಪಿದಂಗ. ಬಾಯಿ ಮಾತು ತಪ್ಪಬಹುದು ಸರ, ಟವೆಲ್ ಒಳಗಿನ ಮಾತು ತಪ್ಪಬಾರದು.”

ಸುತ್ತಲಿದ್ದವರೆಲ್ಲ ಹೌದು ಹೌದು ಎಂದರು. ಅವರಲ್ಲಿ ಅರ್ಧದಷ್ಟು ಜನ ನನ್ನ ವಿದ್ಯಾರ್ಥಿಗಳ ತಂದೆಯರು. ಸತ್ಯವೇ ದೇವರು ಎಂದು ಅವರ ಮಕ್ಕಳಿಗೆ ಕಲಿಸುವವನು ನಾನೇ. ಪಗಾರದಲ್ಲಿ ಕಂತು ಕಂತಾಗಿ ಹಣ ಕೊಡುವುದಾಗಿ ಒಪ್ಪಿ, ಎಮ್ಮೆ ಹೊಡೆದುಕೊಂಡು ಮನೆಗೆ ನಡೆದೆ. ಹೊಡೆದುಕೊಂಡು ಅನ್ನುವುದು ಮರ್ಯಾದೆಗೆ. ನಿಜವಾಗಿ ಅದೇ ನನ್ನನ್ನು ಎಳೆದುಕೊಂಡು ಹೋಯಿತು.

ಸುಮಿತ್ರಾ ಬಾಗಿಲಲ್ಲೇ ನಿಂತಿದ್ದಳು. “ರೀ, ನಾಯಕಿನ್ನ ಕರಕೊಂಡ ಬಂದ್ರೇನು?”

ನಡೆದದ್ದನ್ನೆಲ್ಲ ಹೇಳಿದೆ. ಬೈಯಬಹುದೆಂದು ತಲೆ ತಗ್ಗಿಸಿದರೆ ಅವಳು ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡಳು. ಎಮ್ಮೆಯ ಸುತ್ತ ಒಂದು ಸುತ್ತು ಬಂದು, ಕೆಚ್ಚಲು ಮುಟ್ಟಿ ನೋಡಿ, “ಇರ್ಲಿ ಬಿಡ್ರಿ, ಮನಿಯಾಗ ಹಾಲು ಹೈನ ಆತು,” ಎಂದಳು. ಆಮೇಲೆ ದನಿ ತಗ್ಗಿಸಿದಳು. “ಮದಿವಿ ಆಗಿ ಇಷ್ಟು ವರ್ಷ ಆತು, ನನ್ನ ಕೈ ಒಮ್ಮೆನೂ ಹಂಗ ಹಿಡದಿಲ್ಲ. ಹೋಗಿ ಹೋಗಿ ದಲ್ಲಾಳಿ ಕೈ ಹಿಡದು ಬಂದ್ರಿ.”

ನನಗೆ ನಿಜಕ್ಕೂ ನಾಚಿಕೆಯಾಯಿತು. ಬಟ್ಟೆ ಹಗ್ಗದ ಮೇಲೆ ಒಣಹಾಕಿದ್ದ ಟವೆಲ್ ತಂದು ಅವಳ ಕೈಯ ಮೇಲೆ ಹಾಕಿ, ಕೆಳಗೆ ಮೆಲ್ಲಗೆ ಹಿಡಿದುಕೊಂಡೆ. ರೊಟ್ಟಿ ಬಡಿದು ಬಡಿದು ಗಟ್ಟಿಯಾದ, ಬೆಚ್ಚನೆಯ ಕೈ. ಎದೆ ತುಂಬಿ ಬಂತು. ಅವಳು ಬೆರಳು ಅದುಮಿದಳು. ನಾನೂ ಅದುಮಿದೆ. ಮತ್ತೆ ಅದುಮಿದಳು. ಇಡೀ ಹಸ್ತವನ್ನೇ ಹಿಡಿದೆ.

“ಮುಗೀತು ವ್ಯಾಪಾರ!” ಎಂದು ಸುಮಿತ್ರಾ ಟವೆಲ್ ಕೊಡವಿದಳು. “ನಾಳಿಂದ ಸಗಣಿ ಬಳಿಯೂದು ನಿಮ್ಮದು.”

ಮರುದಿನ ಸಗಣಿ ಬಳಿದು, ಕೈ ತೊಳೆದು, ಆ ಅಧ್ಯಾಯವನ್ನು ನಡೆದದ್ದು ನಡೆದ ಹಾಗೆಯೇ ಬರೆದು ಕಳಿಸಿದೆ. ಪ್ರಕಾಶಕರು ಮತ್ತೆ ಫೋನು ಮಾಡಿದರು.

“ಭಾಳ ಚಲೋ ಆಗೈತ್ರಿ ಸರ, ಛಾಪಿಸೂಣು. ನಾಯಕಿ ಅಂತೂ ಖರೇನ ಎದುರಿಗೆ ನಿಂತಂಗ ಅನಸ್ತಾಳ. ನಾಯಕಂದಷ್ಟ ಒಂದೀಟು ತಿದ್ದರಿ. ಒಮ್ಮೆ ಮೋಸ ಹೋದಂವ ಮತ್ತ ಟವೆಲ್ ಒಳಗ ಕೈ ಇಡ್ತಾನ ಅಂದ್ರ ಓದಾವ್ರು ನಂಬೂದಿಲ್ರಿ. ಇಷ್ಟು ಹುಚ್ಚಪ್ಯಾಲಿ ಎಲ್ಲಿ ಇರ್ತಾನ್ರಿ?”

“ಇರ್ತಾನ್ರಿ,” ಎಂದೆ. “ಈಗ ಎಮ್ಮಿ ಮೈ ತೊಳ್ಯಾಕತ್ತಾನ.”